ಸತ್ತ ರಾಜನನ್ನು ಅಜ್ಜಿ ಎಬ್ಬಿಸಿದ್ದು

ನಿನ್ನೆ ಮೊಮ್ಮಗಳ ಮೊಬೈಲಿನ ಹಳೆಯ ಸಿನಿಮಾವೊಂದರಲ್ಲಿ ನಮ್ಮ ಚಿಕ್ಕಪ್ಪ ಗುಂಡೇಟು ತಿಂದು ಸಾಯುತ್ತಿದ್ದರು. ನನ್ನ ಮೂಗಿಗೆ ಮಾತ್ರ ನಮ್ಮೂರು ತಾಳ್ಯದ ನಾಟಕದ ಬಣ್ಣ, ಕೊಬ್ಬರಿ ಎಣ್ಣೆಯ ವಾಸನೆ ಬಂತು.

ನಮ್ಮದು ಕುರಿ ಸಾಕುವ ಮನೆತನ. ನನ್ನ ಚಿಕ್ಕಂದಿನಲ್ಲಿ ಚಿಕ್ಕಪ್ಪನನ್ನು ನಾಟಕ ಕಂಪನಿಗೆ ಕರೆಯಲು ಹಿರಿಯೂರಿನಿಂದ ಯಜಮಾನರೇ ಬಂದಿದ್ದರು. ನನ್ನ ಅಜ್ಜಿ, ಅಂದರೆ ಚಿಕ್ಕಪ್ಪನ ಅವ್ವ, ಒಪ್ಪಿರಲಿಲ್ಲ. ಅವರು ಒಪ್ಪದೆ ನಮ್ಮ ಮನೆಯಲ್ಲಿ ಒಲೆಯೂ ಉರಿಯುತ್ತಿರಲಿಲ್ಲ. ಆ ಗುಣ ನನಗೂ ಬಂದಿದೆ, ಒಳ್ಳೆಯದೇ ಆಯಿತು.

"ಲೇ, ಇದೇ ಕೊನೆ ನಾಟಕ. ನಾಳೆಯಿಂದ ಕುರಿ ಹಿಂದೆ ಹೋಗ್ಬೇಕು" ಎಂದು ಆ ರಾತ್ರಿ ಊರ ನಾಟಕಕ್ಕೆ ಮುಂಚೆ ಚಿಕ್ಕಪ್ಪನನ್ನು ಗದರಿಸಿ, ಅಜ್ಜಿ ಕಂಬಳಿ ಹಾಸಿಕೊಂಡು ಎಲ್ಲರಿಗಿಂತ ಮುಂದೆ ಕುಳಿತರು.

ಚಿಕ್ಕಪ್ಪನದು ರಾಜನ ಪಾತ್ರ. ಬಾಣ ತಾಕಿ ಬಿದ್ದು, ಹಾಡುತ್ತಲೇ ಪ್ರಾಣ ಬಿಟ್ಟರು. ಅಜ್ಜಿ ಸೆರಗು ಬಿಗಿದು ಎದ್ದರು. ಮಗನನ್ನು ಎಳೆದುಕೊಂಡೇ ಹೋಗುತ್ತಾರೆಂದು ನಾನು ಹೆದರಿದೆ.

"ಒನ್ಸ್ ಮೋರ್!" ಎಂದು ಅಜ್ಜಿ ಕೂಗಿದರು.

ಹಾಗೆ ಕೂಗಿದರೆ ಸತ್ತವನೂ ಎದ್ದು ಹಾಡಬೇಕು, ನಾಟಕದ ಪದ್ಧತಿಯೇ ಅದು. ಚಿಕ್ಕಪ್ಪ ಎದ್ದು, ಅವ್ವನಿಗೆ ಕೈಮುಗಿದು, ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸತ್ತರು.

"ಏನವ್ವ, ಕರ್ಕಂಡು ಹೋಗ್ಲಾ?" ಎಂದರು ಯಜಮಾನರು.

"ಹೋಗ್ರಿ. ಇಷ್ಟು ಚೆಂದ ಸಾಯೋನ್ನ ಕುರಿ ಹಿಂದೆ ಕಳ್ಸಿ ಏನ್ಮಾಡ್ಲಿ?"

ಚಿಕ್ಕಪ್ಪ ಮುಂದೆ ಸಿನಿಮಾಕ್ಕೂ ಹೋದರು. ಊರಿಗೆ ಬಂದಾಗಲೆಲ್ಲ, "ಅಲ್ಲಿ ಸತ್ರೆ ಯಾರೂ ಎಬ್ಸಲ್ಲ ಕಣವ್ವ" ಎಂದು ಅಜ್ಜಿಯ ಮುಂದೆ ಗೊಣಗುತ್ತಿದ್ದರು.

ನಿನ್ನೆ ನಾನೇ "ಒನ್ಸ್ ಮೋರ್" ಎಂದೆ. ಮೊಮ್ಮಗಳು ನಕ್ಕು, ಬೆರಳಿನಿಂದ ಸಿನಿಮಾವನ್ನು ಹಿಂದಕ್ಕೆ ಎಳೆದಳು. ಚಿಕ್ಕಪ್ಪ ಎದ್ದು ನಿಂತರು.