ಸ್ವಿಚ್ಚಿಗೆ ತೂಗಿದ ತಗಡು

ತಮ್ಮ ನೌಕರಿಯ ಕೊನೆಯ ದಿನವೂ ನಮ್ಮ ಸೊಲ್ಲಾಪುರದ ಮಗ್ಗದ ಕಾರ್ಖಾನೆಗೆ, ಕರೆಂಟಿನ ಕೆಲಸ ನೋಡುತ್ತಿದ್ದ ವಾಯರಮನ್ ಮಾಮಾನೇ ಮೊದಲು ಬಂದಿದ್ದರು. ರಿಪೇರಿಗೆಂದು ಮಗ್ಗದೊಳಗೆ ಕೈ ಹಾಕುವವನು ತನ್ನ ಹೆಸರಿನ ತಗಡನ್ನು ಮೇನ್ ಸ್ವಿಚ್ಚಿಗೆ ತೂಗಹಾಕಬೇಕು. ಅದು ಇರುವತನಕ ಕರೆಂಟ್ ಕೊಡುವಂತಿಲ್ಲ. ಅಂದು ಅಲ್ಲಿದ್ದ ತಗಡಿನಲ್ಲಿ ಹೆಸರೇ ಇರಲಿಲ್ಲ. ಮಾಮಾ ಅದನ್ನು ಧೋತರದಿಂದ ಒರೆಸಿ ನೋಡಿದರು.

“ತಗದ ಒಗೀರಿ ಮಾಮಾ, ಯಾರೋ ಮರತಾರ,” ಎಂದೆ.

“ಕೈ ಏನ ಬಜಾರದಾಗ ಸಿಗತಾವೇನೋ? ಮೊದಲ ಮನಷ್ಯಾನ್ನ ಹುಡುಕು, ಆಮ್ಯಾಲ ತಗಡ ತಗಿ.”

ದಿನವೂ ಹೇಳುತ್ತಿದ್ದ ಮಾತದು. ಪ್ರತಿ ಮಗ್ಗದ ಕೆಳಗೂ ಬಗ್ಗಿ ನೋಡಿ, ಯಾರೂ ಇಲ್ಲವೆಂದಾದ ಮೇಲೆಯೇ ಸ್ವಿಚ್ ಹಾಕಿದರು. ಸಂಜೆ ಅವರು ಅಕ್ಕಲಕೋಟದ ಬಸ್ಸು ಹತ್ತಿದ್ದನ್ನು ನಾನೇ ನೋಡಿದೆ.

ಮರುದಿನ ಸ್ವಿಚ್ಚಿನ ಮೇಲೆ ಅವರದೇ ಹೆಸರಿನ ತಗಡಿತ್ತು. ಯಾವಾಗ ಹಾಕಿದರೋ ತಿಳಿಯಲಿಲ್ಲ. ಕೂಗಿದೆವು, ಮಗ್ಗಗಳ ಕೆಳಗೆಲ್ಲ ಹುಡುಕಿದೆವು. ಅಕ್ಕಲಕೋಟದ ಅವರ ಮನೆಗೆ ಫೋನ್ ಮಾಡಿದರೆ, “ನಿನ್ನಿ ಬಂದೇ ಇಲ್ಲರಿ,” ಎಂದರು.

ತಗಡು ತೆಗೆದು ಮಗ್ಗ ನಡೆಸಿದೆವು. ಮಾಮಾ ಇನ್ನೂ ಸಿಕ್ಕಿಲ್ಲ.