ನಾಲ್ಕು ಗಂಟೆಗೆ ಮುಳುಗುವ ಸೂರ್ಯ

ವೇಣೂರಿನಲ್ಲಿ ಮುನಿಗಳ ಎದುರು ಕೈಮುಗಿದು ನಾನು ರಾತ್ರಿ ಊಟ ಬಿಟ್ಟು ಹದಿನಾಲ್ಕು ವರ್ಷವಾಯಿತು. ಸೂರ್ಯ ಮುಳುಗಿದ ಮೇಲೆ ನೀರು ಮತ್ತು ಔಷಧಿ ಬಿಟ್ಟರೆ ಬೇರೇನೂ ಇಲ್ಲ. ಜೈನರಲ್ಲಿ ಇದು ದೊಡ್ಡ ಸಂಗತಿಯೇನಲ್ಲ, ಬೆಳ್ತಂಗಡಿಯ ನನ್ನ ಮನೆಯಲ್ಲಿ ಕಷ್ಟವೂ ಇಲ್ಲ. ಮಳೆಗಾಲವಿರಲಿ ಬೇಸಿಗೆಯಿರಲಿ, ಐದೂವರೆಗೆ ತಟ್ಟೆ ಇಟ್ಟುಕೊಂಡರೆ ಆಯಿತು. ಒಮ್ಮೆ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತಾಗಲೂ ನಿಯಮ ತಪ್ಪಲಿಲ್ಲ; ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಸರಿಯಾದ ಹೊತ್ತಿಗೆ ಬಂದಳು. ಇಂಥದ್ದನ್ನೆಲ್ಲ ನಾನು ಮರೆಯುವುದಿಲ್ಲ.

ಪ್ರಾಗ್ ನಗರಕ್ಕೆ ನಾವು ಮೂವರು ಹೋದದ್ದು ಡಿಸೆಂಬರಿನಲ್ಲಿ. ಚಳಿಗಾಲದಲ್ಲಿ ವಿಮಾನದ ಟಿಕೆಟ್ ಅಗ್ಗ ಎಂಬುದೇ ಕಾರಣ. ನಮ್ಮಲ್ಲೊಬ್ಬರು ಮೂಡುಬಿದಿರೆಯ ನಿವೃತ್ತ ಟೀಚರು; ಅವರ ಅಕ್ಕನ ಮಗಳು ಅಲ್ಲಿ ನರ್ಸ್, ಅವಳ ಪುಟ್ಟ ಮನೆಯಲ್ಲಿ ಮಲಗಲು ಜಾಗವಿತ್ತು. ಮೂರನೆಯವಳು ನನ್ನ ಶಾಲೆಯ ಗೆಳತಿ, ಬೆಳ್ತಂಗಡಿ ಪೇಟೆಯಲ್ಲಿ ಗಂಡನ ಜೊತೆ ಜವಳಿ ಅಂಗಡಿ ನಡೆಸುವ ಬ್ಯಾರಿ ಮುಸ್ಲಿಂ ಹೆಂಗಸು. ಟೀಚರು ಮೊದಲ ದಿನವೇ ಕಾನೂನು ಹೇಳಿದ್ದರು: "ಟಿಕೆಟ್ ಇಲ್ಲದ್ದನ್ನು ಒಳಗೆ ಹೋಗಿ ನೋಡುವ. ಟಿಕೆಟ್ ಇರುವುದನ್ನು ಹೊರಗಿಂದ ನೋಡುವ."

ಹಾಗೆಯೇ ನೋಡಿದೆವು. ಚೌಕದ ಹಳೆಯ ಗಡಿಯಾರದ ಕೆಳಗೆ ಕತ್ತು ನೋಯುವಷ್ಟು ಹೊತ್ತು ನಿಂತು, ಕಿಟಕಿಯಲ್ಲಿ ಗೊಂಬೆಗಳು ಹಾದುಹೋಗುವುದನ್ನು ಕಂಡೆವು. ಸೇತುವೆಯ ಮೇಲಿನ ಕಲ್ಲಿನ ಸಂತರಲ್ಲಿ ಒಬ್ಬೊಬ್ಬರಿಗೂ ನಾನು ಮನಸ್ಸಿನಲ್ಲೇ ಕೈಮುಗಿದೆ. ಯಾವ ಧರ್ಮದವರಾದರೂ ಏನನ್ನೋ ಬಿಟ್ಟು ಬದುಕಿದವರಲ್ಲವೇ.

ಮೂರನೆಯ ದಿನ ಕೋಟೆ ಹತ್ತಿದೆವು. ಬೆಳಿಗ್ಗೆ ಎಂಟೂವರೆಗೆ ಅವಲಕ್ಕಿ ತಿಂದು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದೆ. ಊರಿನಿಂದ ತಂದ ತಿಂಡಿಯ ಚೀಲವನ್ನು ಟೀಚರು ಮನೆಯಲ್ಲೇ ಬಿಡಿಸಿದ್ದರು. "ನಾಲ್ಕೂವರೆಗೆ ಬಂದು ಬೆಳ್ತಿಗೆ ಅನ್ನ ಇಟ್ಟರೆ ಐದೂವರೆಗೆ ನಿಮ್ಮ ಊಟ ರೆಡಿ. ಈ ಗುಡ್ಡೆಗೆ ಅದನ್ನು ಹೊರುವುದು ಎಂತಕ್ಕೆ?" ನನಗೂ ಸರಿಯೆನ್ನಿಸಿತ್ತು. ಮೊದಲ ದಿನ ಪ್ರಯಾಣದ ನಿದ್ದೆ, ಎರಡನೆಯ ದಿನ ಟೀಚರ ಹಸಿವಿನಿಂದಾಗಿ ಎರಡು ಗಂಟೆಗೇ ಊಟ. ಹಾಗಾಗಿ ಸಂಜೆಯ ವಿಷಯ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ಮೋಡದಿಂದಾಗಿ ಬಂದಾಗಿನಿಂದ ಸೂರ್ಯನನ್ನು ಕಂಡೂ ಇರಲಿಲ್ಲ; ಬೇಗ ಕತ್ತಲಾದದ್ದಕ್ಕೂ ಮೋಡವೇ ಕಾರಣವೆಂದುಕೊಂಡಿದ್ದೆ.

ಕೋಟೆಯ ಅಂಗಳದಲ್ಲಿ ದೊಡ್ಡ ಇಗರ್ಜಿಯನ್ನು ಹೊರಗಿನಿಂದ ನೋಡುತ್ತಿದ್ದಾಗ ನನ್ನ ಗೆಳತಿ ಮೊಬೈಲು ತೆಗೆದು ಗಾಬರಿಯಾದಳು.

"ನನ್ನ ಅಸರ್ ನಮಾಜು ಬಾಕಿ ಉಂಟು. ಎಲ್ಲಿಯಾದರೂ ಒಂದು ಮೂಲೆ ಹುಡುಕುವ."

"ಈಗ ಮೂರೂಕಾಲು ಅಷ್ಟೆ. ಸಂಜೆಯ ನಮಾಜಿಗೆ ಇನ್ನೂ ಎಷ್ಟು ಹೊತ್ತುಂಟು!" ಎಂದೆ.

"ಎಲ್ಲಿ ಮಾರಾಯ್ತಿ? ಅಸರ್ ಮಗ್ರಿಬಿಗೆ ಮೊದಲು ಮುಗಿಯಬೇಕು, ಮಗ್ರಿಬ್ ನಾಲ್ಕಕ್ಕೆ. ಇಲ್ಲಿ ಸೂರ್ಯ ನಾಲ್ಕಕ್ಕೆ ಮುಳುಗುವುದು, ನೋಡು."

ನೋಡಿದೆ. ಸೂರ್ಯಾಸ್ತ ನಾಲ್ಕು ಗಂಟೆ ಒಂದು ನಿಮಿಷಕ್ಕೆ. ಹದಿನಾಲ್ಕು ವರ್ಷದಲ್ಲಿ ನಾನು ಆಕಾಶ ನೋಡುವುದನ್ನೇ ಬಿಟ್ಟಿದ್ದೆ, ಗಡಿಯಾರ ನೋಡಿ ನಿಯಮ ಪಾಲಿಸುತ್ತಿದ್ದೆ. ಗುಡ್ಡೆ ಇಳಿಯುವ ಹೊತ್ತು ಬಿಟ್ಟು, ಮನೆ ತಲುಪಲು ಟ್ರಾಮಿನಲ್ಲೇ ಅರ್ಧ ಗಂಟೆ ಬೇಕು. ತಪ್ಪಿದರೆ ಮರುದಿನ ಎಂಟರ ತನಕ ಏನೂ ಇಲ್ಲ. ಮಾತ್ರೆಯ ಮೇಲೆ ಉಪವಾಸ ಬೀಳಬಾರದೆಂದು ಡಾಕ್ಟರು ಗದರಿಸಿದ್ದರು. ಬೆಳಗಿನ ಅವಲಕ್ಕಿಯ ಮೇಲೆ ಏನೂ ತಿಂದಿರಲಿಲ್ಲ, ಆಗಲೇ ಬೆರಳು ಸಣ್ಣಗೆ ನಡುಗುತ್ತಿತ್ತು.

"ಪರದೇಶದಲ್ಲಿ ದೇವರು ಮಾಫಿ ಮಾಡ್ತಾನೆ, ಒಂದು ದಿನ ತಿನ್ನಿ," ಎಂದರು ಟೀಚರು.

"ನಮ್ಮಲ್ಲಿ ದೇವರಿಗೆ ಮಾಫಿ ಮಾಡುವ ಕೆಲಸವೇ ಇಲ್ಲ ಟೀಚರ್," ಎಂದೆ. ಅಳು ಬರುವ ಹಾಗಿತ್ತು.

ಗೆಳತಿ ನನ್ನ ಕೈ ಹಿಡಿದಳು. "ಮೊದಲು ಇವಳಿಗೆ ತಿನ್ನಲಿಕ್ಕೆ ನೋಡುವ. ನಂದು ಮತ್ತೆ."

"ಮತ್ತೆ ಅಂದರೆ ಯಾವಾಗ? ನಿಂದೂ ನಾಲ್ಕಕ್ಕೇ ಅಲ್ವಾ?"

ಅಂಗಳದ ಆಚೆ ಕ್ರಿಸ್‌ಮಸ್ ಸಂತೆಯ ಅಂಗಡಿಗಳಿದ್ದವು. ಮೊದಲನೆಯದರಲ್ಲಿ ಮಾಂಸ. ಎರಡನೆಯದರಲ್ಲಿ ಮೊಟ್ಟೆಯ ಸಿಹಿ ರೊಟ್ಟಿ. ಮೂರನೆಯದರಲ್ಲಿ ಆಲೂಗಡ್ಡೆ, ನೆಲದೊಳಗೆ ಬೆಳೆದದ್ದು, ಅದೂ ನನಗೆ ವರ್ಜ್ಯ. ಕೊನೆಯಲ್ಲಿ ಮುದುಕನೊಬ್ಬ ಕೆಂಡದ ಮೇಲೆ ಕಂದು ಬೀಜಗಳನ್ನು ಹುರಿಯುತ್ತಿದ್ದ. ವಾಸನೆ ನಮ್ಮ ಸುಟ್ಟ ಹಲಸಿನ ಬೀಜದ್ದೇ.

"ಮರದ್ದಾ, ಮಣ್ಣಿನದ್ದಾ ಕೇಳಿ ಟೀಚರ್!"

ಮುದುಕನಿಗೆ ಇಂಗ್ಲಿಷ್ ಬಾರದು. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಟೀಚರು ಬಗ್ಗಿ ನೆಲ ಅಗೆಯುವಂತೆ ಮಾಡಿದರು, ಆಮೇಲೆ ಎರಡೂ ಕೈ ಎತ್ತಿ ಬೆರಳು ಬಿಡಿಸಿ ಮರವಾದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮುದುಕನೂ ನಗುತ್ತ ಕೈ ಎತ್ತಿ ಮರವಾದ, ಮೇಲಿನಿಂದ ಬೀಜ ಉದುರಿ ತನ್ನ ತಲೆಗೆ ಬಿದ್ದಂತೆ ನೆತ್ತಿ ಉಜ್ಜಿಕೊಂಡ. ಟೀಚರು ತಿರುಗಿ, "ಮರದ್ದು! ಪಾಸ್!" ಎಂದು ಕೂಗಿದರು.

ಸಾಲು ಮಾತ್ರ ಉದ್ದವಿತ್ತು. ಟೀಚರು ನಿಂತರು. ಗೆಳತಿಯನ್ನು ನಾನು ಗೋಡೆಯ ಮರೆಗೆ ಎಳೆದುಕೊಂಡು ಹೋದೆ. ಅವಳು ಶಾಲು ಹಾಸಿ, ಮೊಬೈಲಿನಲ್ಲಿ ದಿಕ್ಕು ನೋಡಿ ನಿಂತಳು. ಯಾರೂ ಅಡ್ಡ ಬಾರದಂತೆ ನಾನು ಅವಳಿಗೆ ಬೆನ್ನು ಹಾಕಿ ಕಾವಲು ನಿಂತು ಣಮೋಕಾರ ಮಂತ್ರ ಹೇಳತೊಡಗಿದೆ. ಹತ್ತು ನಿಮಿಷ ಉಳಿದಿದ್ದಾಗ ಟೀಚರು ಕಾಗದದ ಪೊಟ್ಟಣ ಹಿಡಿದು ಓಡುತ್ತ ಬಂದರು.

"ನಿಮ್ಮಿಬ್ಬರ ಸೂರ್ಯನ ಹಿಂದೆ ಓಡಿ ನನ್ನ ಮಂಡಿ ಹೋಯ್ತು!"

ಅವರು ಸಿಪ್ಪೆ ಬಿಡಿಸಿ ಕೊಟ್ಟರು, ನಾನು ನಿಂತಲ್ಲೇ ತಿಂದೆ. ನಾಲಿಗೆ ಸುಟ್ಟಿತು. ಹಿಟ್ಟುಹಿಟ್ಟಾಗಿ, ಸ್ವಲ್ಪ ಸಿಹಿಯಾಗಿತ್ತು. ಹತ್ತೋ ಹನ್ನೆರಡೋ ತಿಂದಿರಬೇಕು. ಬೆರಳ ನಡುಕ ನಿಂತಿತು. ನೀರು ಕುಡಿದು ಬಾಯಿ ಮುಕ್ಕಳಿಸಿದಾಗ ನಾಲ್ಕಕ್ಕೆ ಮೂರು ನಿಮಿಷವಿತ್ತು. ಉಳಿದ ಬೀಜಗಳನ್ನು ಟೀಚರ ಕೈಗಿತ್ತು, ಆಕಾಶಕ್ಕೆ ಕೈಮುಗಿದೆ. ಸೂರ್ಯ ಮೋಡದ ಹಿಂದೆ ಎಲ್ಲೋ ಇದ್ದನಲ್ಲ.

ಹಿಂದಿನಿಂದ ಗೆಳತಿ ಶಾಲು ಕೊಡವುತ್ತ ಬಂದಳು.

"ತಿಂದೆಯಾ?"

"ತಿಂದೆ. ನಿಂದಾಯ್ತಾ?"

"ಆಯ್ತು."

ಇಬ್ಬರಿಗೂ ಒಮ್ಮೆಲೇ ನಗು ಬಂತು. ಟೀಚರು ಗೋಡೆಗೊರಗಿ, ಅವಸರವಿಲ್ಲದೆ, ನನ್ನ ಪಾಲಿನ ಬೀಜಗಳನ್ನು ತಿನ್ನುತ್ತಿದ್ದರು.