ಚಿಕ್ಕವ್ವ ಹಾಕಿದ ಮಣೆ

ವಯಸ್ಸಾದಂತೆ ಸಿಟ್ಟು ಇಳಿಯುತ್ತದಂತೆ. ನನಗೆ ಕಣ್ಣು ಇಳಿದಿದೆ, ಕಿವಿ ಇಳಿದಿದೆ, ಸಿಟ್ಟು ಮಾತ್ರ ಇಳಿದಿಲ್ಲ. ಮೊನ್ನೆ ಮೊಮ್ಮಗಳು ಎಕ್ಸಿಬಿಷನ್ನಿಗೆ ಕರೆದೊಯ್ದಳು. ನಡುವೆ ಒಂದು ಗಾಜಿನ ಕುರ್ಚಿ, ಸುತ್ತ ಹಗ್ಗ, 'ದಯವಿಟ್ಟು ಕೂರಬೇಡಿ' ಎಂಬ ಬೋರ್ಡು.

"ದಿನಾ ಬಳಸೋ ವಸ್ತುನೇ ಗಾಜಿನಲ್ಲಿ ಮಾಡಿ ನಮ್ಮನ್ನ ಯೋಚನೆಗೆ ಹಚ್ಚೋದು ಅಜ್ಜಿ. ಕಾನ್ಸೆಪ್ಚುವಲ್ ಆರ್ಟ್. ಫಾರಿನ್ ಐಡಿಯಾ," ಎಂದಳು.

ಫಾರಿನ್ ಅಂತೆ! ಮದ್ರಾಸ್ ಸರ್ಕಾರದ ಕಾಲದಲ್ಲೇ ನಮ್ಮ ಚಿಕ್ಕವ್ವ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅದನ್ನು ಮಾಡಿ ಹುಚ್ಚಿ ಎನಿಸಿಕೊಂಡಿದ್ದಳು.

ಆಗ ನಾನು ಬಳ್ಳಾರಿಯ ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಚಿಕ್ಕಪ್ಪ ತೀರಿಕೊಂಡಿದ್ದ. ಕಂಪ್ಲಿಯ ಬಳೆಗಾರ ಇಡಿಸಿದ್ದ ಹಸಿರು ಬಳೆಗಳನ್ನು, ಚಿಕ್ಕವ್ವನ ಕೈಯನ್ನು ಹೊಸ್ತಿಲ ಮೇಲಿಟ್ಟು, ಮುದುಕಿಯರು ಗುಂಡುಕಲ್ಲಿನಿಂದ ಒಡೆದರು. ರೈಸ್‌ಮಿಲ್ಲಿನ ಯಜಮಾನ ನಮ್ಮ ದೊಡ್ಡಪ್ಪ ಪಕ್ಕದಲ್ಲೇ ನಿಂತು, "ಜಲ್ದಿ ಮುಗಿಸ್ರಿ, ಮಿಲ್ಲಿಗೆ ಹೋಗ್ಬೇಕು," ಎಂದ. ಚಿಕ್ಕವ್ವ ಬಗ್ಗಿದಳು. ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡಳು.

ಒಂದು ದಿನ ದೊಡ್ಡಪ್ಪ ಊಟಕ್ಕೆ ಬಂದರೆ ಅವನ ಮಣೆ ಹಸಿರಾಗಿ ಹೊಳೆಯುತ್ತಿತ್ತು. ಕುಡುಗೋಲಿನ ಹಿಡಿಗೆ ಹಾಕುವ ಅರಗನ್ನು ಕಾಯಿಸಿ ಬಳಿದು, ಚೂಪು ಮೇಲಾಗುವಂತೆ ಒಂದೊಂದೇ ಚೂರನ್ನು ಕೂರಿಸಿದ್ದಳು. ಅಲ್ಲಿಯವರೆಗೆ ಭಾವನೆದುರು ಬಾಯಿ ಬಿಚ್ಚದ ಚಿಕ್ಕವ್ವ ಅಂದು ಹೇಳಿದಳು:

"ಕುಂದ್ರಿ ಭಾವಾರ. ಅನ್ನ ಆರ್ತೈತಿ."

"ತಲಿ ಕೆಟ್ಟೈತೇನ ನಿನಗ?" ದೊಡ್ಡವ್ವ ಚೀರಿದಳು.

"ಒಯ್ದು ಕಾಲುವಿಗೆ ಒಗೀರಿ ಅದನ್ನ!" ದೊಡ್ಡಪ್ಪ ಗುಡುಗಿದ.

"ಒಗೀರಿ. ನಾಳೆ ಮುಂಜಾನಿ ಅಲ್ಲಿ ಜಳಕಕ್ಕ ಇಳಿಯೋರು ನೀವ."

ನಮ್ಮ ಕಾನ್ವೆಂಟಿನ ಚಾಪೆಲ್ಲಿನ ಬಣ್ಣಬಣ್ಣದ ಸ್ಟೇನ್ಡ್ ಗ್ಲಾಸ್ ಕಿಟಕಿಯೂ ಚೂರು ಗಾಜಿನದೇ. ಅದರ ಮುಂದೆ ನಾವೆಲ್ಲ ಮೊಣಕಾಲೂರುತ್ತಿದ್ದೆವು. ಇದರ ಮುಂದೆ ದೊಡ್ಡಪ್ಪ ನಿಂತೇ ಇದ್ದ. ತಿಪ್ಪೆಗೆ ಎಸೆಯೋಣವೆಂದರೆ ದನ ಮೇಯುತ್ತವೆ. ಕಿತ್ತು ಹಾಕೋಣವೆಂದರೆ ವಿಧವೆಯ ಒಡೆದ ಬಳೆ ಮುಟ್ಟಲು ಮುತ್ತೈದೆಯರಿಗೆ ಭಯ, ಗಂಡಸರಿಗೆ ಇನ್ನೂ ಹೆಚ್ಚು ಭಯ. ಒಡೆಯುವಾಗ ಇಲ್ಲದ ಭಯ! ಕಡೆಗೆ ಚಿಕ್ಕವ್ವನೇ ಅದನ್ನೆತ್ತಿ ಪಡಸಾಲೆಯ ಗೋಡೆಗೆ ಒರಗಿಸಿದಳು. ಅದು ವರ್ಷಗಟ್ಟಲೆ ಅಲ್ಲೇ ಉಳಿಯಿತು. ಬೆಳಗಿನ ಬಿಸಿಲು ಬಿದ್ದಾಗ ಎದುರು ಗೋಡೆಯ ಮೇಲೆಲ್ಲ ಹಸಿರು ಚುಕ್ಕಿ. ದೊಡ್ಡಪ್ಪ ಬೆನ್ನು ತಿರುಗಿಸಿ ಕಾಫಿ ಕುಡಿಯುತ್ತಿದ್ದ.

ಮುಂದೆ ಅವನ ಸಂಡೂರಿನ ಅಳಿಯ ನಮ್ಮ ಮನೆಯಲ್ಲೇ ಕಾಯಿಲೆ ಬಿದ್ದು ತೀರಿಕೊಂಡ. ಮುದುಕಿಯರು ಮತ್ತೆ ಗುಂಡುಕಲ್ಲು ತಂದರು. ಮಗಳ ಕೈ ಹೊಸ್ತಿಲ ಮೇಲಿತ್ತು. ದೊಡ್ಡಪ್ಪ ಗೋಡೆಯ ಕಡೆ ನೋಡಿದ.

"ಒಡೀಬ್ಯಾಡ್ರಿ. ಹಂಗ ತಗದಿಡ್ರಿ."

ಹೆತ್ತ ಕರುಳು ಕರಗಿತು ಎಂದು ಊರು ಹೊಗಳಿತು. ನಾನ್‌ಸೆನ್ಸ್! ಅವನು ನೋಡಿದ್ದು ಮಗಳ ಕೈಯನ್ನಲ್ಲ, ತನ್ನ ಮಣೆಯನ್ನು. ಬಳೆಗಳು ಉಳಿದು ಪೆಟ್ಟಿಗೆ ಸೇರಿದವು. ಅವಳ ಕೈ ಬರಿದಾಗಿಯೇ ಉಳಿಯಿತು. ಆ ಸಿಟ್ಟು ಇವತ್ತಿಗೂ ಇದೆ.

ಹಗ್ಗದಾಚೆಯ ಕುರ್ಚಿ ನೋಡಿ ಮೊಮ್ಮಗಳು "ಬ್ಯೂಟಿಫುಲ್, ಅಲ್ವಾ ಅಜ್ಜಿ?" ಎಂದಳು.

ಇರಬಹುದು. ಆದರೆ ನಮ್ಮ ಚಿಕ್ಕವ್ವ ಹಗ್ಗ ಕಟ್ಟಿರಲಿಲ್ಲ. ಊಟ ಬಡಿಸಿ, ಕುಂದ್ರಿ ಎಂದಿದ್ದಳು.